ನೀರು ತಾಗದ ತಾರೀಖು

ಡಿಸ್ಕಿನ ಮೇಲೆ ಮಾರ್ಕರ್ ಪೆನ್ನಿನಿಂದ ಗೀಚಿ ಕೊಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಬಾವಾನ್ ಊರಿನ ಮಾರುಕಟ್ಟೆಯ ಬಳಿ ಅಂಥವನೊಬ್ಬನಿದ್ದಾನೆ. ಮದುವೆಗೆ ಮೂರು ಕ್ಯಾಮೆರಾ ಹೊತ್ತುಕೊಂಡು ಬರುತ್ತಾನೆ, ಮದುಮಗಳ ಮುಸುಕು ಸರಿಯಾಗಿ ಕಾಣಲೆಂದು ಪಾದ್ರಿಯನ್ನೇ ಪಕ್ಕಕ್ಕೆ ಸರಿಸುತ್ತಾನೆ, ಕೊನೆಗೆ ಕೈಗಿಡುವ ಡಿವಿಡಿಯ ಮೇಲೆ ನೋಡಿದರೆ 'ಮದುವೆ, ಭಾಗ ಎರಡು' ಎಂದು ಕಾಗೆಕಾಲಿನ ಬರಹ. ಯಾರ ಮದುವೆ? ಅದನ್ನು ಅವನಜ್ಜಿಯೇ ಬಂದು ಹೇಳಬೇಕು. ಇನ್ನು ಕೆಲವರು ಕಾಗದದ ಚೀಟಿ ಅಂಟಿಸುತ್ತಾರೆ. ನಮ್ಮೂರಿನ ಸೆಕೆಗೆ ಎರಡು ತಿಂಗಳಲ್ಲಿ ಅದರ ಅಂಚು ಎದ್ದು ಪ್ಲೇಯರಿನ ಹೊಟ್ಟೆಯೊಳಗೆ ಸಿಕ್ಕಿಕೊಳ್ಳುತ್ತದೆ.

ನನ್ನದು ಹಾಗಲ್ಲ. ನನ್ನ ಊಟದ ಮೇಜಿನ ಮೇಲೆ ಡಿಸ್ಕಿಗೇ ನೇರವಾಗಿ ಅಚ್ಚು ಹಾಕುವ ಪ್ರಿಂಟರ್ ಇದೆ. ಬೆನ್ನು ಬೆಳ್ಳಗಿರುವ ಡಿಸ್ಕನ್ನು ಅದರ ಹಲಗೆಯಲ್ಲಿ ಕೂರಿಸಿ ಬಾಯಿಗೆ ಕೊಟ್ಟರೆ ಸಾಕು, ಎರಡು ನಿಮಿಷದಲ್ಲಿ ಫೋಟೋ, ಹೆಸರು, ತಾರೀಖು, ಸುತ್ತಲೂ ಮಲ್ಲಿಗೆ ಬಳ್ಳಿ ಎಲ್ಲ ಮೂಡಿಕೊಂಡು ಹೊರಗೆ ಬರುತ್ತದೆ. ಮನಿಲಾದ ದೊಡ್ಡ ಅಂಗಡಿಯಿಂದ ತಂದದ್ದು ಎಂದರೆ ಯಾರಾದರೂ ನಂಬುತ್ತಾರೆ. ಕೊಡುವಾಗ ನಾನು ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ: "ನೋಡಿ, ಇದು ಶಾಯಿ. ಒಂದು ಹನಿ ನೀರು ಬಿದ್ರೂ ಕಲಸಿಹೋಗುತ್ತೆ. ಆಮೇಲೆ ನನ್ನ ಹತ್ರ ಬಂದು ಅಳಬೇಡಿ." ಬೇರೆ ವಿಷಯದಲ್ಲಿ ನಾನೇನೂ ಸಂತಳಲ್ಲ. ಆದರೆ ಶಾಯಿಯ ವಿಷಯದಲ್ಲಿ ಸುಳ್ಳು ಹೇಳಿದವಳಲ್ಲ. ಎರಡು ಸಾವಿರದ ಎಂಟರ ಅಕ್ಟೋಬರಿನವರೆಗೂ ಹೇಳಿರಲಿಲ್ಲ.

ಆ ಅಕ್ಟೋಬರಿನಲ್ಲಿ ನನ್ನ ಕೈಗೆ ಎರಡು ಡಿಸ್ಕಿನ ಕೆಲಸ ಬಂತು. ಎರಡೂ ಒಂದೇ ಮನೆಯವು, ಅಪ್ಲಾಯಾ ಕಡಲದಂಡೆಯ ಸಾಬೆಲಜ್ಜಿಯ ಮನೆಯವು. ಅಜ್ಜಿಯ ಮಗಳು ಮಿಲಾನಿನಲ್ಲಿ ಯಾರದೋ ಮುದುಕಿಯ ಆರೈಕೆ ಮಾಡುತ್ತಾಳೆ. ಅವಳ ಇಬ್ಬರು ಹೆಣ್ಣುಮಕ್ಕಳನ್ನು ಇಲ್ಲಿ ಸಾಕಿದ್ದು ಅಜ್ಜಿ. ದೊಡ್ಡವಳು ಅರಸೇಲಿ, ಚಿಕ್ಕವಳು ಮಾಯುಮಿ.

ಮಾಯುಮಿಯ ಕೆಲಸ ಎಲ್ಲರಿಗೂ ಗೊತ್ತಿದ್ದದ್ದು. ಜೆರ್ವಿನ್ ಎಂಬ ಹಡಗಿನ ಹುಡುಗನ ಜೊತೆ ಅವಳ ಮದುವೆ, ಡಿಸೆಂಬರ್ ಇಪ್ಪತ್ತೇಳಕ್ಕೆ ಮಾಡುವುದೆಂದು ಮಾತು. ಜನವರಿಯಲ್ಲಿ ಹುಡುಗ ಮತ್ತೆ ಹಡಗು ಹತ್ತಬೇಕು. ಆ ಭಾನುವಾರ ಹುಡುಗನ ಮನೆಯವರು ಪಾತ್ರೆಪಾತ್ರೆ ಅಡುಗೆ ಹೊತ್ತು ಹೆಣ್ಣು ಕೇಳಲು ಬರುವವರಿದ್ದರು. ಊಟವಾದ ಮೇಲೆ ತೋರಿಸಲು ಇಬ್ಬರ ಬಾಲ್ಯದ ಫೋಟೋಗಳನ್ನು ಹಾಡಿನ ಜೊತೆ ಜೋಡಿಸಿ ಒಂದು ಡಿಸ್ಕ್ ಮಾಡಿಕೊಡು ಎಂದು ಮಾಯುಮಿ ಕೇಳಿದ್ದಳು.

ಅರಸೇಲಿಯ ಕೆಲಸ ನನಗೂ ಅವಳಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ಮಿಲಾನಿನಿಂದ ಹತ್ತು ದಿನದ ರಜೆಗೆ ಬಂದಿದ್ದ ನೆಸ್ತೋರನನ್ನು ಅವಳು ಪುರಸಭೆಯಲ್ಲಿ ಮೇಯರರ ಎದುರು ಮದುವೆಯಾಗಿದ್ದಳು. ಬೇಗ ಕಾಗದಪತ್ರ ಆಗಲಿ, ಗಂಡನ ಬಳಿ ಹೋಗುವಂತಾಗಲಿ ಎಂದು. ಚರ್ಚಿನ ಮದುವೆ ಮುಂದಿನ ವರ್ಷ, ಎಲ್ಲರ ಎದುರು. ಪುರಸಭೆಯಲ್ಲಿ ಕ್ಯಾಮೆರಾ ಹಿಡಿದವಳು ನಾನೇ. ಈಗ ಮಂಗಳವಾರ ಅವಳಿಗೆ ವೀಸಾ ಸಂದರ್ಶನ. "ಈಸಿಂಗಕ್ಕ, ಚೆನ್ನಾಗಿ ಅಚ್ಚು ಹಾಕಿಕೊಡಿ. ಕೈಬರಹ ಇದ್ರೆ ಸುಳ್ಳು ಮದುವೆ ಅಂದ್ಕೋತಾರೆ. ಅಚ್ಚು ನೋಡಿದ್ರೆ ಆಫೀಸಿನವರು ನಂಬ್ತಾರೆ" ಎಂದಿದ್ದಳು.

ಇದರಲ್ಲಿ ಬಚ್ಚಿಡುವಂಥದ್ದೇನು ಎಂದರೆ, ಒಡಹುಟ್ಟಿದವರಿಬ್ಬರು ಒಂದೇ ವರ್ಷ ಮದುವೆಯಾಗಕೂಡದು. ಸುಕೊಬ್ ಎನ್ನುತ್ತಾರೆ. ಹಾಗೇನಾದರೂ ಆದರೆ ಒಬ್ಬಳ ಅದೃಷ್ಟವನ್ನು ಇನ್ನೊಬ್ಬಳು ತಿಂದುಬಿಡುತ್ತಾಳೆ, ಎರಡರಲ್ಲಿ ಒಂದು ಮನೆಗೆ ಸಾವು ಬರುತ್ತದೆ ಎಂದು ಲೆಕ್ಕ. ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಸಾಬೆಲಜ್ಜಿಯ ಮುಖ ನೋಡಿ ಹಾಗನ್ನುವ ಧೈರ್ಯವೂ ಇಲ್ಲ. ಅವಳ ಮದುವೆ ಆದದ್ದು ಒಂದು ಫೆಬ್ರವರಿಯಲ್ಲಿ. ಹಟ ಹಿಡಿದು ಅವಳ ತಂಗಿ ಅದೇ ವರ್ಷದ ನವೆಂಬರಿನಲ್ಲಿ ಮದುವೆಯಾದಳು. ಡಿಸೆಂಬರಿನಲ್ಲಿ ಅಜ್ಜಿಯ ಗಂಡ ಫೆಲಿನೊ ಮೀನಿಗೆಂದು ಹೋದವನು ದೋಣಿಯ ಸಮೇತ ತಿರುಗಿ ಬರಲಿಲ್ಲ. ಆಗ ಅವಳು ಐದು ತಿಂಗಳ ಬಸುರಿ. ಅರಸೇಲಿಯ ವಿಷಯ ತಿಳಿದರೆ ಮಾಯುಮಿಯ ಮದುವೆ ಈ ವರ್ಷ ಇಲ್ಲ ಎಂದು ಅಜ್ಜಿ ಒಂದೇ ಮಾತಿಗೆ ಮುಗಿಸುತ್ತಾಳೆ. ಅಷ್ಟರಲ್ಲಿ ಹುಡುಗ ಹತ್ತು ತಿಂಗಳು ಕಡಲಲ್ಲಿ. ಹಾಗೆ ಮುಂದೆ ಹೋದ ಮದುವೆಗಳಲ್ಲಿ ಆಮೇಲೆ ನಡೆದವೆಷ್ಟು ಎಂದು ಅಪ್ಲಾಯಾದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಭಾನುವಾರ ಬೆಳಗ್ಗೆ ಎರಡೂ ಡಿಸ್ಕುಗಳಿಗೆ ವಿಡಿಯೋ ತುಂಬಿ ಮುಗಿಸಿ ಅಚ್ಚಿಗೆ ಕೂತೆ. ಯಾವಾಗಲೂ ನಾನು ಡಿಸ್ಕಿನ ನಡುವಿನ ತೂತಿನ ಪಕ್ಕ ಪೆನ್ಸಿಲಿನಲ್ಲಿ ಚುಕ್ಕೆ ಇಡುತ್ತೇನೆ, ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಅಚ್ಚಾಗುವವರೆಗೆ ಎಲ್ಲ ಡಿಸ್ಕಿನ ಬೆನ್ನೂ ಒಂದೇ ಬಿಳುಪು ನೋಡಿ. ಅವತ್ತು ಎರಡೇ ತಾನೆ, ಎಡಗಡೆಯದು ಮಾಯುಮಿಯದು, ಬಲಗಡೆಯದು ಅರಸೇಲಿಯದು, ಇದಕ್ಕೂ ಚುಕ್ಕೆ ಬೇಕೆ ಎಂದುಕೊಂಡೆ. ಅಷ್ಟರಲ್ಲಿ ಕರೆಂಟು ಹೋಯಿತು. ಸೆಕೆಗೆ ಜೀವ ಹೋಗುವಂತಾಗಿ, ಬೆವರು ಡಿಸ್ಕಿನ ಮೇಲೆ ಬೀಳಬಾರದೆಂದು ಎರಡನ್ನೂ ಎತ್ತಿ ಕಪಾಟಿನ ಮೇಲಿಟ್ಟೆ. ಮುಕ್ಕಾಲು ಗಂಟೆ ಒಳಗೂ ಹೊರಗೂ ಓಡಾಡಿದೆ, ವಿದ್ಯುತ್ ಕಚೇರಿಯವರ ವಂಶವನ್ನೆಲ್ಲ ಬೈದೆ. ಕರೆಂಟು ಬಂದೊಡನೆ ಕಪಾಟಿನಿಂದ ಇಳಿಸಿ, ಎಡಗಡೆಯದಕ್ಕೆ ಮಾಯುಮಿಯ ಅಚ್ಚು, ಬಲಗಡೆಯದಕ್ಕೆ ಅರಸೇಲಿಯ ಅಚ್ಚು ಹಾಕಿದೆ.

ಹತ್ತೂವರೆಗೆ ಮಾಯುಮಿ ಬಂದಳು. ಕೂದಲು ಗುಂಗುರಾಗಲೆಂದು ತಲೆಗೆ ಸುರುಳಿಗಳನ್ನು ಸುತ್ತಿಕೊಂಡೇ ಬಂದಿದ್ದಳು.

"ಅಯ್ಯೋ ಈಸಿಂಗಕ್ಕ, ಎಷ್ಟು ಚೆನ್ನಾಗಿದೆ! ಸಿನಿಮಾದವರದ್ದು ಇದ್ದ ಹಾಗಿದೆ!"

"ಅಂಚು ಹಿಡ್ಕೊ, ಅಂಚು! ನೀರು ತಾಗಿಸಬೇಡ."

"ಒಂದ್ಸಲ ಹಾಕಿ ನೋಡೋಣ್ವಾ?"

"ನಾನು ಮಾಡಿದ್ದನ್ನ ನೋಡೋದೇನು? ಹೋಗು, ಮೊದಲು ತಲೆ ಬಿಚ್ಕೊ."

ಈ ಮಾತನ್ನು ನೆನೆದರೆ ಈಗಲೂ ಹಲ್ಲು ಕಚ್ಚುತ್ತೇನೆ.

ಅರಸೇಲಿಯದು ಸರ್ಕಾರದ ಕೆಲಸಕ್ಕೆ ಹೋಗುವ ಡಿಸ್ಕು, ಅದನ್ನಾದರೂ ಒಮ್ಮೆ ಹಾಕಿ ನೋಡೋಣ ಎಂದು ಹನ್ನೊಂದೂಕಾಲಕ್ಕೆ ಪ್ಲೇಯರಿಗೆ ಹಾಕಿದೆ. ಹಾಡು ಶುರುವಾಯಿತು. ಮುಂದಿನ ಎರಡು ಹಲ್ಲಿಲ್ಲದ ಆರು ವರ್ಷದ ಮಾಯುಮಿ ನನ್ನನ್ನು ನೋಡಿ ನಕ್ಕಳು. ಅದರ ಹಿಂದೆಯೇ ಮೇಕೆಯ ಬೆನ್ನೇರಿದ ಜೆರ್ವಿನ್.

ಇದು ಇಲ್ಲಿದ್ದರೆ ಅದು ಅಲ್ಲಿ. ಪುರಸಭೆಯ ಮದುವೆ, ಮಲ್ಲಿಗೆ ಬಳ್ಳಿಯ ನಡುವೆ 'ಮಾಯುಮಿ ಮತ್ತು ಜೆರ್ವಿನ್' ಎಂಬ ಹೆಸರು ಹೊತ್ತುಕೊಂಡು, ಸಾಬೆಲಜ್ಜಿಯ ಮನೆಯ ಟಿವಿಯ ಪಕ್ಕದಲ್ಲಿ.

ಮೊಬೈಲ್ ತೆಗೆದೆ, ಬ್ಯಾಲೆನ್ಸ್ ಇಲ್ಲ. ಕಾರ್ಡ್ ಮಾರುವ ಅಂಗಡಿಯವಳು ಚರ್ಚಿನ ಪೂಜೆಗೆ ಹೋಗಿದ್ದಳು. ಸರಿಯಾದ ವಿಡಿಯೋ ಇದ್ದ ಡಿಸ್ಕನ್ನು, ಮೇಲಿನ ಅರಸೇಲಿಯ ಹೆಸರು ಯಾರಿಗೂ ಕಾಣದಂತೆ ನಾನೇ ಪ್ಲೇಯರಿಗೆ ತಳ್ಳಿದರಾಯಿತು ಎಂದುಕೊಂಡು ಚೀಲಕ್ಕೆ ತುರುಕಿ, ಒಂದು ಕಾಲಿಗೆ ಒಂದು ಚಪ್ಪಲಿ ಇನ್ನೊಂದಕ್ಕೆ ಇನ್ನೊಂದು ಹಾಕಿಕೊಂಡು ಮೂಲೆಯ ನಿಲ್ದಾಣಕ್ಕೆ ಓಡಿದೆ. ಅಲ್ಲಿ ಕಾದ್ಯೋ ತನ್ನ ಮೂರು ಗಾಲಿಯ ಗಾಡಿಯಲ್ಲಿ ಕಾಲು ಚಾಚಿ ಮಲಗಿದ್ದ.

"ಕಾದ್ಯೋ, ಅಪ್ಲಾಯಾ! ಏಳೋ!"

"ಕೂತ್ಕೊಳ್ಳಿ ಅಕ್ಕ. ಇನ್ನಿಬ್ರು ಬರ್ಲಿ."

"ಇಡೀ ಗಾಡಿ ನನಗೇ. ಹೊರಡು!"

"ಓಹೋಹೋ! ಊಟಕ್ಕೆ ಇಷ್ಟು ಅವಸರಾನಾ? ಸಾಬೆಲಜ್ಜಿ ಅರ್ಧ ದನದ ಮೂಳೆ ಬೇಯಿಸಿದಾಳಂತೆ, ನಿಮಗೊಂದು ತುಂಡು ಸಿಗುತ್ತೆ ಬಿಡಿ. ಅದೇನು, ಕಾಲಿಗೆ ಎರಡು ಬಣ್ಣ? ಹೊಸ ಫ್ಯಾಷನ್ನಾ?"

"ಬಾಯಿ ಮುಚ್ಕೊಂಡು ಓಡಿಸ್ತೀಯೋ, ನಾನೇ ಓಡಿಸ್ಲೋ?"

ಓಡಿಸಿದ. ಆದರೆ ಚರ್ಚಿನ ಮುಂದೆ ಆಗಷ್ಟೇ ಪೂಜೆ ಮುಗಿದು ಊರೆಲ್ಲ ರಸ್ತೆಗಿಳಿದಿತ್ತು. ಕಾದ್ಯೋ ಸಿಕ್ಕಸಿಕ್ಕವರಿಗೆಲ್ಲ ಕೈಯೆತ್ತುತ್ತಾ, ನಡುವೆ ಯಾರದೋ ಹಂದಿಮರಿಯ ಆರೋಗ್ಯ ವಿಚಾರಿಸುತ್ತಾ, ಮೆರವಣಿಗೆಯಂತೆ ನಡೆಸಿದ. ನಾನು ಕೂತಲ್ಲಿಂದಲೇ ನೆಲ ಒದೆಯುತ್ತಿದ್ದೆ, ಗಾಡಿ ಅದರಿಂದಲಾದರೂ ಮುಂದೆ ಹೋದೀತೇನೋ ಎಂಬಂತೆ. ಮಾಯುಮಿ ಮೊನ್ನೆ ನನ್ನ ಮೇಜಿನ ಬಳಿ ಕೂತು, ಹುಡುಗ ಕಡಲಿನಿಂದ ಬರೆದಿದ್ದ ಕಾಗದವೊಂದನ್ನು ಓದಿ ಹೇಳಿದ್ದು ಬೇಡವೆಂದರೂ ನೆನಪಾಯಿತು. ಆ ಹುಡುಗಿಯ ಮದುವೆ ನನ್ನ ಒಂದು ಪೆನ್ಸಿಲ್ ಚುಕ್ಕೆಯ ಸೋಮಾರಿತನಕ್ಕೆ ಮುರಿದುಬೀಳುತ್ತದೆ ಎಂದು ನನ್ನನ್ನೇ ಬೈದುಕೊಂಡೆ.

ನಾನು ಒಳಗೆ ಹೋದಾಗ ಊಟ ಅರ್ಧಕ್ಕೆ ಬಂದಿತ್ತು. ಟಿವಿ ಇನ್ನೂ ಹಚ್ಚಿರಲಿಲ್ಲ. ದೇವರೇ ಎಂದುಕೊಂಡೆ. ಆದರೆ ಡಿಸ್ಕು ಟಿವಿಯ ಪಕ್ಕದಲ್ಲಿರಲಿಲ್ಲ. ಊಟದ ಮೇಜಿನ ಮೇಲೆ ಕೈಯಿಂದ ಕೈಗೆ ಹೋಗುತ್ತಿತ್ತು.

"ಬಂದ್ಲು ನೋಡಿ, ಇದನ್ನ ಮಾಡಿದವಳು!" ಎಂದ ಹುಡುಗನ ತಂದೆ ದೋರೋ. ಹಡಗಿನಲ್ಲಿ ನಲವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು. "ಏನು ಕೆಲಸ! ನಾನು ಸಿಂಗಾಪುರದಲ್ಲೂ ಇಂಥದ್ದು ನೋಡಿಲ್ಲ."

ಬೇರೆ ದಿನವಾಗಿದ್ದರೆ ಆ ಮಾತಿಗೆ ಒಂದು ವಾರ ಬೀಗುತ್ತಿದ್ದೆ.

"ಈಸಿಂಗಾ? ಬಾರೇ, ಕೂತ್ಕೊ" ಎಂದಳು ಮೇಜಿನ ತುದಿಯಲ್ಲಿದ್ದ ಸಾಬೆಲಜ್ಜಿ. ಅವಳ ಎರಡೂ ಕಣ್ಣಿಗೆ ಪೊರೆ ಬಂದು ಹಾಲಿನ ಹಾಗಾಗಿ ಮೂರು ವರ್ಷವಾಗಿತ್ತು. ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಿವಿ ಮಾತ್ರ ಬೆಕ್ಕಿನದು. "ಏನೇ ಇಷ್ಟು ಏದುಸಿರು?"

"ಏನಿಲ್ಲಜ್ಜಿ. ಆ ಡಿಸ್ಕಲ್ಲಿ ಒಂದು ಫೋಟೋ ಬಿಟ್ಟುಹೋಗಿದೆ. ಬೇರೆ ತಂದಿದೀನಿ. ಅದನ್ನ ಕೊಡಿ ಇಲ್ಲಿ."

"ಒಂದು ಫೋಟೋ ತಾನೆ? ಮೊದಲು ಇದನ್ನ ನೋಡೋಣ, ಆಮೇಲೆ ಅದನ್ನೂ ನೋಡೋಣ" ಎಂದು ದೋರೋ ಡಿಸ್ಕನ್ನು ಹಿಡಿದುಕೊಂಡೇ ಎದ್ದ.

ಸಾರಿನ ಬೋಗುಣಿ ತರುತ್ತಿದ್ದ ಅರಸೇಲಿ ನನ್ನ ಮುಖ ನೋಡಿದಳು. ನಾನು ಕಣ್ಣಿನಲ್ಲೇ ಹೇಳಿದೆ. ಅವಳು ಬೋಗುಣಿ ಹಿಡಿದುಕೊಂಡು ಅಲ್ಲೇ ನಿಂತಳು. ನನಗೆ ಬೇರೆ ದಾರಿ ಹೊಳೆಯಲಿಲ್ಲ. ಮುಗ್ಗರಿಸಿದವಳ ಹಾಗೆ ಅವಳ ಮೇಲೆ ಬಿದ್ದೆ. ಬೋಗುಣಿ ವಾಲಿ ಸಾರೆಲ್ಲ ದೋರೋವಿನ ಕೈಯ ಮೇಲೆ, ಡಿಸ್ಕಿನ ಮೇಲೆ.

"ನನ್ನ ಡಿಸ್ಕು!" ಎಂದು ಮಾಯುಮಿ ಚೀರಿದಳು.

ಶಾಯಿ ಕರಗಿ ಇಳಿಯಿತು. ಅವಳ ಮುಖ ಹುಡುಗನ ಮುಖಕ್ಕೆ ಸೇರಿತು, ಇಬ್ಬರೂ ನೀಲಿಯಾದರು, ತಾರೀಖು ಹರಿದು ಬಳ್ಳಿಗೆ ಸೇರಿತು. ಹುಡುಗನ ತಾಯಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, ಹೆಣ್ಣು ಕೇಳುವ ದಿನ ಇದೇನು ಶಕುನ ಎಂದು ಗೊಣಗಿದಳು.

"ಏನಾಯ್ತೇ?" ಎಂದಳು ಅಜ್ಜಿ.

"ಸಾರು ಬಿತ್ತಜ್ಜಿ" ಎಂದು ಮಾಯುಮಿ ಅಳುವ ದನಿಯಲ್ಲಿ ಹೇಳಿದಳು. "ಹೆಸರು, ಚಿತ್ರ ಎಲ್ಲ ಹೊರಟುಹೋಯ್ತು."

"ನೀರು ಬಿದ್ರೆ ಹೋಗಿಬಿಡುತ್ತಾ ಅದು?"

"ಹೂಂ, ಶಾಯಿ ತಾನೆ" ಎಂದೆ ನಾನು. "ಹಾಳಾಯ್ತು. ನಾನು ತಂದಿದ್ದನ್ನೇ ಹಾಕೋಣ."

"ಯಾರು ಹಾಳಾಯ್ತು ಅಂದೋರು?" ದೋರೋ ಅಂಗಿಯ ಚುಂಗಿನಿಂದ ಡಿಸ್ಕಿನ ಹೊಟ್ಟೆಯನ್ನು ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ, ಸರಿಯಾದ ಕ್ರಮದಲ್ಲೇ ಒರೆಸುತ್ತಿದ್ದ. "ಹೋಗಿದ್ದು ಮೇಲಿನ ಬಣ್ಣ. ಒಳಗಿರೋದಕ್ಕೇನಾಗಿದೆ? ಮಗಳೇ, ಅಳಬೇಡ, ನೋಡು ಈಗ."

ನಲವತ್ತು ವರ್ಷದ ಅನುಭವಕ್ಕೆ ಬೆಂಕಿ ಬೀಳಲಿ. ನಾನು ಮೇಜು ಸುತ್ತಿ ಬರುವಷ್ಟರಲ್ಲಿ ಅವನು ಡಿಸ್ಕನ್ನು ಒಳಗೆ ತಳ್ಳಿಬಿಟ್ಟಿದ್ದ.

ಟಿವಿಯಲ್ಲಿ ಪುರಸಭೆಯ ಹಸಿರು ಗೋಡೆ. ಬಿಳಿ ಉಡುಪಿನ ಅರಸೇಲಿ, ಪಕ್ಕದಲ್ಲಿ ಕೊರಳಪಟ್ಟಿ ಬಿಗಿದ ನೆಸ್ತೋರ್. ಮೇಯರರ ದಪ್ಪ ದನಿ: "ಇಂದು, ಎರಡು ಸಾವಿರದ ಎಂಟನೇ ಇಸವಿ ಮಾರ್ಚ್ ಹದಿನಾಲ್ಕರಂದು, ನಿಮ್ಮಿಬ್ಬರನ್ನೂ..."

ನಾನು ಟಿವಿಯ ಮೇಲೆಯೇ ಬಿದ್ದು ದನಿ ಅಡಗಿಸಿದೆ. ಚಿತ್ರ ಮಾತ್ರ ಓಡುತ್ತಲೇ ಇತ್ತು. ಅರಸೇಲಿ ಉಂಗುರ ತೊಡಿಸಿಕೊಂಡು ನಗುತ್ತಿದ್ದಳು.

ಜೆರ್ವಿನ್ ತಂದೆಯನ್ನು ನೋಡಿದ, ತಂದೆ ತಾಯಿಯನ್ನು ನೋಡಿದ, ಆಮೇಲೆ ಎಲ್ಲರೂ ಅಜ್ಜಿಯನ್ನು ನೋಡಿದರು. ಅಜ್ಜಿ ಕೈಯಲ್ಲಿ ಚಮಚ ಹಿಡಿದು ಟಿವಿಯ ಬೆಳಕಿನ ಕಡೆ ಮುಖ ಮಾಡಿ ಕೂತಿದ್ದಳು.

"ಅದ್ಯಾರದು ಗಂಡಸಿನ ದನಿ?"

ಮೊದಲು ಬಾಯಿಬಿಟ್ಟವಳು ಮಾಯುಮಿ. ಅಕ್ಕನ ಗುಟ್ಟು ಅವಳಿಗೂ ಗೊತ್ತಾದದ್ದು ಆ ಗಳಿಗೆಯಲ್ಲೇ. "ಜಾಹೀರಾತಜ್ಜಿ. ಈಗ ಶುರುವಾಯ್ತು ನೋಡು. ಇದು ನಾನು, ಒಂದನೇ ಕ್ಲಾಸು. ಮುಂದಿನ ಹಲ್ಲು ಎರಡೂ ಇಲ್ಲ."

"ಇದು ನಮ್ಮೋನು" ಎಂದ ದೋರೋ, ಉಂಗುರ ತೊಡಿಸುತ್ತಿದ್ದ ನೆಸ್ತೋರನನ್ನು ತೋರಿಸುತ್ತಾ. ಗಂಟಲು ಕೆರೆದುಕೊಂಡ. "ಮೇಕೆ ಮೇಲೆ ಕೂತಿದಾನೆ. ಆ ಮೇಕೆ ಇವನನ್ನ ಗುಂಡಿಗೆ ಕೆಡವಿತ್ತು ಅಜ್ಜಿ."

ಹುಡುಗನ ತಾಯಿ ಜಪಸರದ ಮಣಿ ಹಿಡಿದುಕೊಂಡೇ ಇದ್ದಳು. ಈಗ ಎದ್ದು ಹೋಗುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ. ಅವಳು ಮಗನ ಮುಖ ನೋಡಿದಳು. ಆಮೇಲೆ ನಿಟ್ಟುಸಿರು ಬಿಟ್ಟು, "ಗುಂಡಿಯಲ್ಲಿ ಬಿದ್ದು ಹೊಸ ಚಡ್ಡಿ ಹರ್ಕೊಂಡಿದ್ದ" ಎಂದಳು.

"ಹಲ್ಲಿಲ್ಲದ ಹುಡುಗಿ ನಗ್ತಾ ಇದಾಳಾ?" ಎಂದು ಅಜ್ಜಿ ಕೇಳಿದಳು.

ಟಿವಿಯಲ್ಲಿ ಅರಸೇಲಿ ನೆಸ್ತೋರನ ಹೆಗಲಿಗೆ ತಲೆಯಿಟ್ಟಿದ್ದಳು. "ನಗ್ತಾ ಇದಾಳಜ್ಜಿ. ಬಹಳ ನಗ್ತಾ ಇದಾಳೆ" ಎಂದೆ ನಾನು.

ಇನ್ನು ತಡೆಯಲಾರದೆ ಅರಸೇಲಿ ಊಟ ಬಿಟ್ಟು ಹಿತ್ತಲಿಗೆ ಓಡಿದಳು. ಊಟದ ನಡುವೆ ಒಬ್ಬರು ಎದ್ದು ದೂರ ಹೊರಟರೆ ಉಳಿದವರು ತಮ್ಮ ತಟ್ಟೆಯನ್ನು ಒಂದು ಸುತ್ತು ತಿರುಗಿಸುವುದುಂಟು, ಹೋದವರಿಗೆ ದಾರಿಯಲ್ಲಿ ಏನೂ ಆಗದಿರಲಿ ಎಂದು. ಹಿತ್ತಲಿಗೆ ಹೋದವರಿಗೆ ಯಾರೂ ತಿರುಗಿಸುವುದಿಲ್ಲ. ಆದರೆ ಸಾಬೆಲಜ್ಜಿ ಚಮಚ ಕೆಳಗಿಟ್ಟು, ಎರಡೂ ಕೈಯಲ್ಲಿ ತನ್ನ ತಟ್ಟೆಯ ಅಂಚು ಹುಡುಕಿ ಹಿಡಿದು, ಮೆಲ್ಲಗೆ ತಿರುಗಿಸಿದಳು. ನಾನದನ್ನು ನೋಡಿದೆ, ನೋಡಿಯೂ ಮುದುಕಿಗೆ ತಟ್ಟೆ ಸರಿಯಾಗಿ ಸಿಗಲಿಲ್ಲವೇನೋ ಎಂದುಕೊಂಡೆ.

ಮದುವೆ ಡಿಸೆಂಬರ್ ಇಪ್ಪತ್ತೇಳಕ್ಕೇ ಎಂದು ನಿಶ್ಚಯವಾಯಿತು. ಅಜ್ಜಿಯೇ ಬಾಯಿಬಿಟ್ಟು ಹೇಳಿದಳು. ಬಾಳೆಲೆಯ ಸಿಹಿ ಕಡುಬು ತಿಂದು, ಕಾಫಿ ಕುಡಿದು ಬಂದವರು ಹೊರಟರು. ನಾನೂ ನನ್ನ ಎರಡು ಬಣ್ಣದ ಚಪ್ಪಲಿ ಹುಡುಕುತ್ತಿದ್ದೆ.

"ಈಸಿಂಗ್, ನೀನಿರು" ಎಂದಳು ಅಜ್ಜಿ.

ಕಿಟಕಿಯ ಪಕ್ಕದ ಬೆಂಚಿನಲ್ಲಿ ಅವಳ ಜೊತೆ ಕೂತೆ. ಕಡಲಿನ ಸದ್ದು ಅಲ್ಲಿಗೆ ಚೆನ್ನಾಗಿ ಕೇಳುತ್ತದೆ. ಇಷ್ಟು ವರ್ಷ ಅವಳು ಅಲ್ಲೇ ಹೇಗೆ ಕೂತಳೋ ನನಗೆ ತಿಳಿಯದು.

"ಮೇಯರನ ದನಿ ನಂಗೆ ಗೊತ್ತಾಗಲ್ವೇನೇ? ಪ್ರತಿ ಚುನಾವಣೆಗೂ ಈ ಬಾಗಿಲಿಗೇ ಬಂದು ಅರಚಿ ಹೋಗ್ತಾನೆ."

"ತಪ್ಪು ನಂದಜ್ಜಿ. ಹುಡುಗೀರದ್ದಲ್ಲ. ಮಾಯುಮಿಯ ಮದುವೆ ನಿಲ್ಲಿಸಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ನಿಲ್ಸೋಳಾಗಿದ್ರೆ ಆಗ್ಲೇ ನಿಲ್ಸ್ತಿರ್ಲಿಲ್ವಾ? ಆ ಹೆಂಗಸು ಸೊಸೆಗೋಸ್ಕರ ಸುಳ್ಳು ಹೇಳಿದ್ಲಲ್ಲ, ಇನ್ನೂ ಸೊಸೆಯಾಗದೋಳಿಗೋಸ್ಕರ. ಅಂಥ ಮನೆ ಬಿಟ್ರೆ ಸಿಗುತ್ತಾ?" ಅವಳ ಬೆರಳುಗಳು ಉಡುಪಿನ ಅಂಚನ್ನು ಮಡಿಸುತ್ತಿದ್ದವು, ಬಿಚ್ಚುತ್ತಿದ್ದವು. "ಆದ್ರೆ ಹೆದರಿಕೆ ಆಗ್ತಿದೆ ಕಣೇ ಈಸಿಂಗ್. ಈ ಹುಡುಗನೂ ನೀರ ಮೇಲೆ ಹೋಗೋನು."

ನಾನು ಅವಳ ಕೈ ಹಿಡಿದುಕೊಂಡೆ.

"ಅರಸೇಲಿ ಅವತ್ತು ಯಾರ ಹತ್ರಾನೋ ಫೋನಲ್ಲಿ ಹೇಳ್ತಿದ್ಲು. ನಿನ್ನ ಅಚ್ಚಿದ್ರೆ ಆಫೀಸಿನೋರು ನಂಬ್ತಾರಂತೆ."

"ಹೂಂ, ನಂಬ್ತಾರೆ."

"ಮೇಲಿನ ಆಫೀಸಿನೋನು?"

ನನಗೆ ಅರ್ಥವಾಗಲಿಲ್ಲ. ಅವಳು ಬೆರಳಿನಿಂದ ಸೂರಿನ ಕಡೆ ತೋರಿಸಿದಳು.

"ಅರಸೇಲಿ ಮದುವೇದು ಒಂದು ನನಗೆ ಮಾಡಿಕೊಡು. ಚೆನ್ನಾಗಿ ಮಾಡು, ಬಳ್ಳಿ ಗಿಳ್ಳಿ ಎಲ್ಲ ಹಾಕು. ತಾರೀಖು ಮಾತ್ರ ಮುಂದಿನ ವರ್ಷದ್ದು ಹಾಕು. ಅದನ್ನ ದೇವಮಾತೆಯ ಪ್ರತಿಮೆ ಹಿಂದೆ ಇಡ್ತೀನಿ. ಯಾರಾದ್ರೂ ಕೇಳಿದ್ರೆ, ಇಗೋ ನೋಡು ಅಂತೀನಿ."

ಮರುದಿನ ಬೆಳಗ್ಗೆ ಹುಡುಗಿಯರಿಬ್ಬರ ಡಿಸ್ಕನ್ನೂ ಹೊಸದಾಗಿ ಮಾಡಿ ಮುಗಿಸಿ, ಅಜ್ಜಿಯದಕ್ಕೆ ಕೂತೆ. ಮೊದಲು ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟೆ. ಅರಸೇಲಿ ಮತ್ತು ನೆಸ್ತೋರ್, ಮಾರ್ಚ್ ಹದಿನಾಲ್ಕು, ಎರಡು ಸಾವಿರದ ಒಂಬತ್ತು. ಇನ್ನೂ ಬಂದಿರದ ದಿನ. ಅಕ್ಷರಗಳಿಗೆ ಬಂಗಾರದ ಬಣ್ಣ ಹಾಕಿದೆ. ನಾನು ಮಾಡಿದ್ದರಲ್ಲೆಲ್ಲ ಅಷ್ಟು ಚೆಂದದ್ದು ಇನ್ನೊಂದಿಲ್ಲ. ಒಂದು ಗಂಟೆ ಫ್ಯಾನಿನ ಕೆಳಗೆ ಒಣಗಿಸಿ, ಕಾದ್ಯೋವಿನ ಗಾಡಿ ಹತ್ತಿ ಒಯ್ದು ಕೊಟ್ಟೆ. ಚಪ್ಪಲಿಯ ಬಗ್ಗೆ ಅವನಿಗೆ ಇನ್ನೂ ಹೇಳುವುದು ಬಹಳವಿತ್ತು, ಕೇಳಿಸಿಕೊಳ್ಳಲಿಲ್ಲ.

ಅಜ್ಜಿ ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಸುತ್ತಲೂ ಸವರಿದಳು. ಸವರಿದರೆ ತಿಳಿಯುವಂಥದ್ದೇನೂ ಅದರಲ್ಲಿಲ್ಲ, ನುಣ್ಣಗಿರುತ್ತದೆ.

"ತಾರೀಖು ಎಲ್ಲಿದೆ?"

ಅವಳ ಬೆರಳನ್ನು ಹಿಡಿದು ಅಲ್ಲಿಗಿಟ್ಟೆ.

"ಒಣಗಿದೆಯಾ?"

"ಒಣಗಿದೆಯಜ್ಜಿ."

"ಅಳಿಸಿ ಹೋಗಲ್ಲ ತಾನೆ?"

"ಇಲ್ಲ."

ಅವಳು ಕಿಟಕಿಯ ಕಡೆ, ಕಡಲಿನ ಸದ್ದಿನ ಕಡೆ ತಿರುಗಿದಳು. ಬೆರಳು ತಾರೀಖಿನ ಮೇಲೆಯೇ ಇತ್ತು. "ನೀರು ಬಿದ್ರೂ?"

ಹಿಂದಿನ ದಿನ ಇದೇ ಮನೆಯಲ್ಲಿ, ಒಂದು ಬೋಗುಣಿ ಸಾರಿಗೆ ಎಲ್ಲ ಹರಿದುಹೋದದ್ದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ನೀರು ಬಿದ್ರೂ ಹೋಗಲ್ಲಜ್ಜಿ" ಎಂದೆ.